ಲೆಕ್ಕಕ್ಕಿಲ್ಲದ ಆಟವನ್ನು ಗೇಮ್ ಅನ್ನಬಹುದಾ?

ನೀವು ಕೇಳಿದ್ದು ಇಷ್ಟು. ಸುಮ್ಮನೆ ನಡೆದುಕೊಂಡು ಹೋಗಿ ಕಥೆ ಕೇಳುವಂಥ ವಿಡಿಯೋ ಗೇಮುಗಳು ಬಂದಿವೆ, ಅದರಲ್ಲಿ ಸೋಲುವುದು ಅಂತಲೇ ಇಲ್ಲ. ಮೊಬೈಲಿನಲ್ಲಿ ‘ಆಟೋ’ ಒತ್ತಿ ಬಿಟ್ಟರೆ ತನ್ನಷ್ಟಕ್ಕೇ ಆಡಿಕೊಳ್ಳುವ ಗೇಮುಗಳೂ ಬಂದಿವೆ. ಇವನ್ನೆಲ್ಲ ಗೇಮ್ ಅನ್ನುವುದು ಸರಿಯಾ, ಗೆರೆ ಎಲ್ಲಿ ಎಳೆಯಬೇಕು? ಗೆಲುವು ಸೋಲು ಇಲ್ಲದ್ದು ಗೇಮೇ ಅಲ್ಲ ಅಂತ ನಿಮ್ಮ ಗೆಳೆಯ ವಾದ ಮಾಡಿದ್ದನ್ನೂ ಬರೆದಿದ್ದೀರಿ.

ಗೆಲುವು ಸೋಲಿನ ಮೇಲೆ ಗೆರೆ ಎಳೆದರೆ ಅದು ತಪ್ಪು ಜಾಗದಲ್ಲಿ ಬೀಳುತ್ತದೆ. ನನಗೆ ಸರಿಯಾದ ಜಾಗ ಕಂಡದ್ದು ಕರೆಂಟು ಹೋದಾಗ.

2003ರಿಂದ 2012ರವರೆಗೆ ಮಣಿಪಾಲದಲ್ಲಿ, ಟೈಗರ್ ಸರ್ಕಲ್ಲಿನಿಂದ ಸ್ವಲ್ಪ ಒಳಗೆ, ನನ್ನದೊಂದು ಸೈಬರ್ ಇತ್ತು. ಹದಿನಾಲ್ಕು ಕಂಪ್ಯೂಟರು, ಏಳೇಳರ ಎರಡು ಸಾಲು, ಚೆನ್ನೆಮಣೆಯ ಗುಳಿಗಳ ಹಾಗೆ. ಹಗಲು ಇಮೇಲ್, ಪ್ರಿಂಟೌಟು. ಸಂಜೆ ಆರು ಗಂಟೆಯ ಮೇಲೆ ಕಾಲೇಜು ಹುಡುಗರು ಬಂದು ಈ ಸಾಲಿನವರು ಆ ಸಾಲಿನವರ ಮೇಲೆ ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು. ಎರಡು ತಂಡ ಗುಂಡು ಹಾರಿಸಿಕೊಳ್ಳುವ, ಒಂದು ತಂಡ ಬಾಂಬು ಇಡಲು ನೋಡುವ ಗೇಮು ಅದು. ಯುಪಿಎಸ್ ಇದ್ದದ್ದು ಬಾಗಿಲ ಕಡೆಯ ಸಾಲಿಗೂ ಕೌಂಟರಿನ ಸರ್ವರಿಗೂ ಮಾತ್ರ, ಎರಡಕ್ಕೂ ಹಾಕಿಸುವಷ್ಟು ದುಡ್ಡು ಆಗ ನನ್ನಲ್ಲಿರಲಿಲ್ಲ. ಮಳೆಗಾಲದಲ್ಲಿ ಗಾಳಿ ಬಂತೆಂದರೆ ಕರೆಂಟು ಹೋಗುತ್ತಿತ್ತು. ಗೋಡೆ ಕಡೆಯ ಏಳು ಪರದೆ ಒಮ್ಮೆಲೇ ಕಪ್ಪು. ಬಾಗಿಲ ಕಡೆಯವರು ಅಲ್ಲಾಡದೆ ನಿಂತುಹೋದ ಏಳು ಜನರನ್ನು ನಿಧಾನಕ್ಕೆ ಹೊಡೆದು ಮುಗಿಸುತ್ತಿದ್ದರು. ಕರೆಂಟು ಬಂದ ಮೇಲೆ ಶುರು ಜಗಳ. ಆ ರೌಂಡು ಲೆಕ್ಕಕ್ಕುಂಟಾ ಇಲ್ಲವಾ? ಕನ್ನಡ, ಹಿಂದಿ, ಮಲಯಾಳ, ಕೊಂಕಣಿ, ಎಲ್ಲ ಭಾಷೆಯಲ್ಲೂ ಅದೇ ಜಗಳ. ಕೊನೆಗೆ ನಾನೇ ಒಂದು ಕಾನೂನು ಮಾಡಿ ಗೋಡೆಗೆ ಅಂಟಿಸಿದೆ: ಬಾಂಬು ಇಟ್ಟಾದ ಮೇಲೆ ಕರೆಂಟು ಹೋದರೆ ಲೆಕ್ಕಕ್ಕುಂಟು, ಮೊದಲೇ ಹೋದರೆ ಇಲ್ಲ. ಅದನ್ನು ಎಲ್ಲರೂ ಒಪ್ಪಿದರು. ಆ ಚೀಟಿ ಅಂಗಡಿ ಮುಚ್ಚುವವರೆಗೂ ಅಲ್ಲೇ ಇತ್ತು.

ಅದೇ ಕಂಪ್ಯೂಟರುಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಸಿನಿಮಾ ನೋಡುವವರೂ ಇದ್ದರು. ಕರೆಂಟು ಹೋದರೆ ಅವರೂ ‘ಛೆ’ ಅನ್ನುತ್ತಿದ್ದರು. ಬಂದ ಮೇಲೆ ನಿಂತಲ್ಲಿಂದ ಮುಂದೆ ನೋಡುತ್ತಿದ್ದರು. ಈವರೆಗೆ ನೋಡಿದ್ದು ಲೆಕ್ಕಕ್ಕುಂಟಾ ಅಂತ ಒಬ್ಬನೂ ಯಾವತ್ತೂ ಕೇಳಲಿಲ್ಲ. ಆ ಪ್ರಶ್ನೆಗೆ ಅಲ್ಲಿ ಅರ್ಥವೇ ಇಲ್ಲ. ನಾನು ಹೇಳುವ ಗೆರೆ ಇದೇ. ಆಡುವವನು ಮಾಡಿದ್ದು, ಮಾಡದೇ ಬಿಟ್ಟದ್ದು ಒಂದು ಲೆಕ್ಕಕ್ಕೆ ಸೇರುವವರೆಗೂ ಅದು ಗೇಮ್. ಸೇರದಿದ್ದರೆ ಪರದೆ ಎಷ್ಟೇ ಮಿಂಚಲಿ, ಕೈಯಲ್ಲಿ ಎಷ್ಟೇ ಗುಂಡಿ ಇರಲಿ, ಅದು ಬೇರೆ ಏನೋ.

‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ನೀವು ಆಡಿರುತ್ತೀರಿ, ಆದರೆ ಅದಕ್ಕೆ ಒಳಗಾದವನ ಮುಖ ನೋಡಿದ್ದೀರಾ? ಹಿರಿಯಡ್ಕದ ಹತ್ತಿರ ನನ್ನ ಅಜ್ಜಿಮನೆ. ಕೊಯ್ಲು ಮುಗಿದ ಗದ್ದೆಯಲ್ಲಿ ನಾವು ಅಂಡರ್ ಆರ್ಮ್ ಕ್ರಿಕೆಟ್ ಆಡುತ್ತಿದ್ದೆವು. ಆಚೆಮನೆಯ ಐದು ವರ್ಷದ ಒಬ್ಬ ಹುಡುಗ ತೆಂಗಿನ ಕೊತ್ತಳಿಗೆಯ ಬ್ಯಾಟು ಹಿಡಿದುಕೊಂಡು ದಿನಾ ಬರುತ್ತಿದ್ದ. ಅವನಿಗೂ ಒಂದು ಓವರು. ಬೌಲ್ಡ್ ಆದರೆ ಎಲ್ಲರೂ ಸೇರಿ ‘ನೋ ಬಾಲ್, ನೋ ಬಾಲ್’ ಎಂದು ಕೂಗುವುದು, ಅವನು ನಗುತ್ತ ಮತ್ತೆ ನಿಲ್ಲುವುದು. ಒಂದು ತಿಂಗಳು ಹೀಗೇ ನಡೆಯಿತು. ಒಂದು ಸಂಜೆ ಚೆಂಡು ಮಧ್ಯದ ಕೋಲಿಗೇ ತಾಗಿತು. ನಾವು ಯಥಾಪ್ರಕಾರ ‘ನೋ ಬಾಲ್’ ಎಂದೆವು. ಅವನು ಬಿದ್ದ ಕೋಲನ್ನು ನೋಡಿದ, ನಮ್ಮನ್ನು ನೋಡಿದ, ಬ್ಯಾಟು ನೆಲಕ್ಕೆ ಹಾಕಿ ಅಳಲಿಕ್ಕೆ ಶುರು ಮಾಡಿದ. ‘ನಂದು ಔಟ್! ನನ್ನನ್ನು ಔಟ್ ಮಾಡಿ!’ ಯಾರ ಮಾತಿಗೂ ಕಾಯದೆ, ಔಟಾದವರು ಕೂರುವ ಗದ್ದೆಯ ಹುಣಿಯ ಮೇಲೆ ಹೋಗಿ ಕೂತುಬಿಟ್ಟ. ಕೂತ ಮೇಲೆ ಅಳು ನಿಂತಿತು. ಅಷ್ಟು ದಿನ ಅವನು ಓಡಿದ್ದ, ಹೊಡೆದಿದ್ದ, ಬೆವರಿದ್ದ. ಆಟ ಶುರುವಾದದ್ದು ಮಾತ್ರ ಆ ಹುಣಿಯ ಮೇಲೆ ಕೂತಾಗ.

ಈಗ ನಿಮ್ಮ ಗೆಳೆಯನ ವಾದಕ್ಕೆ ಬರುತ್ತೇನೆ. ಗೆಲುವು ಬೇಕೇ ಬೇಕು ಅಂತಾದರೆ ಟೆಟ್ರಿಸ್ ಬಿದ್ದುಹೋಗುತ್ತದೆ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಮಾಡಿದ ಆ ಗೇಮಿನಲ್ಲಿ ಗೆಲ್ಲುವ ಜಾಗವೇ ಇಲ್ಲ. ತುಂಡುಗಳು ಬೀಳುತ್ತ ಹೋಗುತ್ತವೆ, ಎಷ್ಟು ಹೊತ್ತು ತಡೆಯುತ್ತೀರಿ ಎಂಬುದಷ್ಟೇ. 2023ರ ಕೊನೆಗೆ ಅಮೆರಿಕದ ಹದಿಮೂರು ವರ್ಷದ ಹುಡುಗನೊಬ್ಬ ಅದರ ಹಳೆಯ ನಿಂಟೆಂಡೋ ಆವೃತ್ತಿಯನ್ನು ಪ್ರೋಗ್ರಾಮೇ ಸ್ತಬ್ಧವಾಗುವವರೆಗೆ ಆಡಿದ. ಅದನ್ನು ಗೆಲುವು ಅಂತ ಜನರೇ ಹೆಸರಿಟ್ಟರು, ಗೇಮು ಹಾಗೆಂದು ಹೇಳಲಿಲ್ಲ.

ಸ್ಕೋರು ಬೇಕು ಅಂದರೆ ಇನ್ನೂ ಹಿಂದಕ್ಕೆ ಹೋಗೋಣ. 1958ರ ಅಕ್ಟೋಬರಿನಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಸಾರ್ವಜನಿಕರನ್ನು ಕರೆದ ದಿನ, ವಿಲಿಯಂ ಹಿಗಿನ್‌ಬಾಥಮ್ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪ್ ಎಂಬ, ವಿದ್ಯುತ್ ಸಂಕೇತ ತೋರಿಸುವ ಉಪಕರಣದ ಪುಟ್ಟ ಪರದೆಯ ಮೇಲೆ ಟೆನಿಸ್ ಆಡಿಸಿದರು. ಒಂದು ಅಡ್ಡಗೆರೆ ನೆಲ, ನಡುವಿನ ಗಿಡ್ಡ ನಿಲುಗೆರೆಯೇ ನೆಟ್, ಬೆಳಕಿನ ಚುಕ್ಕಿಯೇ ಚೆಂಡು. ತಿರುಗಿಸಲು ಒಂದು ನಾಬು, ಹೊಡೆಯಲು ಒಂದು ಗುಂಡಿ. ಪಾಯಿಂಟು ಎಣಿಸುವ ವ್ಯವಸ್ಥೆ ಅದರಲ್ಲಿ ಇರಲಿಲ್ಲ. ಆದರೂ ಜನ ಸಾಲು ನಿಂತು ಆಡಿದರು. ಚುಕ್ಕಿ ನೆಟ್ಟಿಗೆ ತಾಗಿ ಬಿದ್ದರೆ ಹೊಡೆದವನಿಗೂ ಎದುರಿನವನಿಗೂ ಹಿಂದೆ ನಿಂತವರಿಗೂ ಅದು ಯಾರ ತಪ್ಪು ಅಂತ ಗೊತ್ತಿತ್ತು. ಲೆಕ್ಕ ಅಂದರೆ ನಾನು ಅಂಕಿಯ ಮಾತು ಹೇಳುತ್ತಿಲ್ಲ, ಈ ಗೊತ್ತಾಗುವಿಕೆಯ ಮಾತು ಹೇಳುತ್ತಿದ್ದೇನೆ.

ಎದುರಾಳಿಯೂ ಬೇಕಾಗಿಲ್ಲ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಿಕ್ಕಾಗದ ದಿನ ನನ್ನ ಅಜ್ಜಿ ಚಾವಡಿಯಲ್ಲಿ ಒಬ್ಬರೇ ಚೆನ್ನೆಮಣೆ ಇಟ್ಟುಕೊಂಡು ಕೂರುತ್ತಿದ್ದರು. ಅಶೋಕವನದಲ್ಲಿ ಒಂಟಿಯಾಗಿದ್ದ ಸೀತೆ ಆಡಿದ್ದಂತೆ, ಹಾಗಾಗಿ ಅದು ಸೀತೆ ಆಟ. ಮಂಜೊಟ್ಟಿ ಬೀಜಗಳನ್ನು ಗುಳಿಯಿಂದ ಗುಳಿಗೆ ಒಂದೊಂದೇ ಬಿಡುತ್ತ ಹೋಗುವಾಗ ಒಂದು ಬೀಜ ಬೆರಳ ಸಂದಿಯಲ್ಲಿ ಉಳಿಯಿತು ಅಂತಿಟ್ಟುಕೊಳ್ಳಿ. ನೋಡುವವರು ಯಾರೂ ಇಲ್ಲ. ನಾನು ಕಂಬದ ಹತ್ತಿರ ಮಲಗಿರುವುದು ಅವರಿಗೆ ನೆನಪೂ ಇರಲಿಕ್ಕಿಲ್ಲ. ಅಜ್ಜಿ ಆ ಬೀಜವನ್ನು ಒಂದು ಕ್ಷಣ ನೋಡಿ, ಅಷ್ಟೂ ಗುಳಿಗಳನ್ನು ಬರಿದು ಮಾಡಿ, ಮೊದಲಿಂದ ತುಂಬಿಸುತ್ತಿದ್ದರು. ಒಂದು ಬೀಜ ಆಚೀಚೆ ಆದರೆ ಯಾರಿಗೆ ಎಂತ ನಷ್ಟ ಅಂತ ಆಗ ಅನಿಸಿತ್ತು. ಈಗ ಹಾಗನಿಸುವುದಿಲ್ಲ.

ಸೈಬರಿನಲ್ಲಿ ಇದನ್ನೇ ಮತ್ತೊಮ್ಮೆ ನೋಡಿದೆ. ಸಿಮ್‌ಸಿಟಿ ಎಂಬ ನಗರ ಕಟ್ಟುವ ಗೇಮಿದೆಯಲ್ಲ, 1989ರಲ್ಲಿ ಮೊದಲು ಬಂದದ್ದು, ಅದನ್ನು ಮಾಡಿದ ವಿಲ್ ರೈಟ್ ಅವರೇ ಅದನ್ನು ಗೇಮ್ ಅನ್ನುವುದಕ್ಕಿಂತ ಆಟಿಕೆ ಎಂದು ಕರೆದವರು. ಸರಿಯೇ. ಇಂಥದ್ದನ್ನು ಮಾಡು ಅಂತ ಅದು ಹೇಳುವುದಿಲ್ಲ. ಚೆಂಡು ಕೂಡ ಒಂದು ಆಟಿಕೆ, ಅದು ಆಟವಾಗುವುದು ನಾವು ಅದಕ್ಕೊಂದು ಕಟ್ಟುಪಾಡು ಹಾಕಿಕೊಂಡಾಗ. ಎಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಅದರ ಹೊಸ ಆವೃತ್ತಿಯಲ್ಲಿ ಒಂದು ಕಡೆ ಗುಡ್ಡ ಒಂದು ಕಡೆ ಕಡಲು ಇಟ್ಟು ಊರು ಕಟ್ಟುತ್ತಿದ್ದ. ಸಾಲ ತೆಗೆಯುವುದಿಲ್ಲ, ಗುಡ್ಡದ ಮರ ಕಡಿಯುವುದಿಲ್ಲ ಎಂದು ತನಗೆ ತಾನೇ ನಿಯಮ ಮಾಡಿಕೊಂಡಿದ್ದ. ಹತ್ತು ಹನ್ನೆರಡು ಸಂಜೆ ಕಟ್ಟಿದ. ಒಂದು ದಿನ ನೀರಿನ ಪೈಪಿಗೆ ದುಡ್ಡು ಸಾಲದೆ ಸಾಲದ ಗುಂಡಿ ಒತ್ತಿದ. ಐದು ನಿಮಿಷ ಸುಮ್ಮನೆ ಕೂತು, ಇಡೀ ಊರನ್ನೇ ಡಿಲೀಟ್ ಮಾಡಿ, ಗಂಟೆಯ ದುಡ್ಡು ಕೊಟ್ಟು ಹೋದ. ಮರುದಿನ ಬಂದು ಹೊಸ ಊರಿಗೆ ಅಸ್ತಿವಾರ ಹಾಕಿದ.

ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞರು 1978ರಲ್ಲಿ ಹೇಳಿದ ಒಂದು ವಿಚಾರ ಇಲ್ಲಿ ಬಹಳ ಚೆನ್ನಾಗಿ ಕೂರುತ್ತದೆ. ಬೇಡದ ಅಡ್ಡಿಗಳನ್ನು ಬೇಕೆಂದೇ ಮೈಮೇಲೆ ಎಳೆದುಕೊಂಡು ಅವನ್ನು ದಾಟುವುದೇ ಆಟ ಆಡುವುದು, ಅಂತ ಅದರ ಸಾರ. ಮಂಗಳೂರಿನ ಮೊಸರು ಕುಡಿಕೆಯಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ, ನೀರು ಎರಚಿಸಿಕೊಂಡು, ಬಿದ್ದು ಎದ್ದು ಮಡಕೆ ಒಡೆಯುತ್ತಾರೆ. ಏಣಿ ಇಟ್ಟರೆ ಎರಡು ನಿಮಿಷದ ಕೆಲಸ. ಏಣಿ ತರಬಾರದು ಎಂಬುದಕ್ಕೇ ಅಲ್ಲಿ ಅಷ್ಟು ಜನ ಸೇರುವುದು.

ಸರಿ, ನಡೆಯುವ ಗೇಮುಗಳು. ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ಅನುಕೂಲ ಉಂಟು. ನಮ್ಮಲ್ಲಿ ‘ಆಟಕ್ಕೆ ಹೋಗಿದ್ದೆ’ ಅಂದರೆ ಯಕ್ಷಗಾನಕ್ಕೆ ಹೋಗಿದ್ದೆ ಅಂತ. ರಾತ್ರಿಯಿಡೀ ಕೂತು ನೋಡಿದವನಿಗೂ ಅದು ಆಟವೇ. ಹಾಗಾಗಿ ‘ಡಿಯರ್ ಎಸ್ತರ್’ ಎಂಬ ನಡೆಯುವ ಗೇಮು ಆಟವಾ ಅಂತ ಕೇಳಿದರೆ ಹೌದು ಎನ್ನಲಿಕ್ಕೆ ನನಗೆ ಕಷ್ಟವೇ ಇಲ್ಲ. ಗೇಮಾ ಎಂದು ಕೇಳಿದರೆ ಮಾತ್ರ ನಿಂತು ಯೋಚಿಸುತ್ತೇನೆ.

2012ರಲ್ಲಿ ಅದು ಮಾರಾಟಕ್ಕೆ ಬಂತು. ಸೈಬರ್ ಮುಚ್ಚುವ ವರ್ಷ ಅದು. ಶಟರ್ ಅರ್ಧ ಎಳೆದು ಒಂದೇ ರಾತ್ರಿಯಲ್ಲಿ ಮುಗಿಸಿದೆ. ಸ್ಕಾಟ್ಲೆಂಡಿನ ಹೆಬ್ರಿಡೀಸ್ ಕಡೆಯ ಒಂದು ನಿರ್ಜನ ದ್ವೀಪ, ಗಾಳಿ, ಹುಲ್ಲು, ದೂರದಲ್ಲಿ ಟವರಿನ ಕೆಂಪು ದೀಪ. ಎಸ್ತರ್ ಎಂಬವಳಿಗೆ ಬರೆದ ಪತ್ರಗಳನ್ನು ಒಂದು ದನಿ ಓದುತ್ತ ಹೋಗುತ್ತದೆ, ಯಾವ ತುಣುಕು ಕೇಳಿಸುತ್ತದೆ ಎಂಬುದು ಆಡಿದ ಹಾಗೆ ಸ್ವಲ್ಪ ಬದಲಾಗುತ್ತದೆ. ಓಡಲಿಕ್ಕಿಲ್ಲ, ಹಾರಲಿಕ್ಕಿಲ್ಲ, ಏನನ್ನೂ ಎತ್ತಿಕೊಳ್ಳಲಿಕ್ಕಿಲ್ಲ. ಗುಹೆಯೊಳಗೆ ಇಳಿದಾಗ ನನ್ನ ಮೈ ಜುಮ್ಮೆಂದದ್ದು ಇನ್ನೂ ನೆನಪಿದೆ. ಆದರೆ ಆ ರಾತ್ರಿ ಕರೆಂಟು ಹೋಗಿದ್ದರೆ, ಬಂದ ಮೇಲೆ ನಿಂತಲ್ಲಿಂದ ಮುಂದೆ ನಡೆಯುತ್ತಿದ್ದೆ, ಅಷ್ಟೇ. ಅಲ್ಲಿ ನಾನು ತಪ್ಪುವುದು ಎಂಬುದೇ ಇರಲಿಲ್ಲ.

ಮರುವರ್ಷ ಬಂದ ‘ಗಾನ್ ಹೋಮ್’ ಕೂಡ ನಡೆಯುವ ಗೇಮೇ, ಅಲ್ಲೂ ಸಾಯುವುದಿಲ್ಲ. 1995ರ ಒಂದು ರಾತ್ರಿ, ಊರೂರು ತಿರುಗಿ ಮನೆಗೆ ಬಂದ ಹುಡುಗಿ, ಮನೆಯಲ್ಲಿ ಯಾರೂ ಇಲ್ಲ. ಡ್ರಾಯರು, ಚೀಟಿ, ಕ್ಯಾಸೆಟ್ಟುಗಳನ್ನು ತೆರೆದು ನೋಡಿ ಮನೆಯವರಿಗೆ ಏನಾಯಿತು ಅಂತ ತಿಳಿದುಕೊಳ್ಳಬೇಕು. ತಂಗಿಯ ಕಥೆಯನ್ನು ಅದೇ ಹೇಳುತ್ತದೆ. ಅಪ್ಪನ ಕಥೆಯನ್ನು ಹೇಳುವುದಿಲ್ಲ, ನೆಲಮಾಳಿಗೆಯ ಕಾಗದಗಳನ್ನು ಓದಿ ಕೂಡಿಸಿಕೊಂಡವರಿಗೆ ಮಾತ್ರ ಅದು ಸಿಗುತ್ತದೆ. ನಾನು ಮೊದಲ ಸಲ ಆಡಿದಾಗ ಅದನ್ನು ಪೂರ್ತಿ ತಪ್ಪಿಸಿಕೊಂಡಿದ್ದೆ. ಆ ತಪ್ಪು ನನ್ನದು. ಇದು ಗೇಮ್, ನನಗೆ ಸಂಶಯವೇ ಇಲ್ಲ.

ಡಿಯರ್ ಎಸ್ತರ್ ಗೇಮ್ ಅಲ್ಲ ಅಂದರೆ ಅದನ್ನು ಕೆಳಗಿಳಿಸಿದಂತೆ ಎಂದು ಹಲವರು ಸಿಟ್ಟಾಗುತ್ತಾರೆ. ನೀವು ಹಾಗೆ ತಿಳಿಯಬೇಡಿ. ಪ್ರಸಂಗ ಅದೇ, ಭಾಗವತರು ಅವರೇ, ಚೆಂಡೆ ಮದ್ದಳೆಯೂ ಅದೇ, ಆದರೆ ವೇಷ ಕಟ್ಟದೆ ಕೂತು ಅರ್ಥ ಹೇಳಿದರೆ ಅದನ್ನು ನಾವು ಆಟ ಎನ್ನುವುದಿಲ್ಲ. ಅದು ತಾಳಮದ್ದಳೆ, ಅದು ಕೂಟ. ಶೇಣಿ ಗೋಪಾಲಕೃಷ್ಣ ಭಟ್ಟರೂ ಮಲ್ಪೆ ರಾಮದಾಸ ಸಾಮಗರೂ ಕೂತು ವಾದಕ್ಕಿಳಿದರೆ ಬೆಳಗಾದದ್ದು ಗೊತ್ತಾಗುತ್ತಿರಲಿಲ್ಲ ಅಂತ ನನ್ನ ಅಪ್ಪ ಹೇಳುತ್ತಿದ್ದರು. ಕೂಟವನ್ನು ಆಟ ಎಂದು ಕರೆಯದೆ ಅದಕ್ಕೆ ಒಂದು ಗುಂಜಿಯಷ್ಟೂ ಮರ್ಯಾದೆ ಕಡಿಮೆಯಾಗಲಿಲ್ಲ. ನಡೆದು ಕೇಳುವ ಆ ಪ್ರಕಾರಕ್ಕೆ ಅದರದ್ದೇ ಒಂದು ಒಳ್ಳೆಯ ಹೆಸರು ಸಿಗಲಿ ಎಂಬುದು ನನ್ನ ಆಸೆ. ‘ವಾಕಿಂಗ್ ಸಿಮ್ಯುಲೇಟರ್’ ಎಂಬುದು ಅಣಕಿಸುವವರು ಹಬ್ಬಿಸಿದ ಹೆಸರು, ನನಗೆ ಹಿಡಿಸುವುದಿಲ್ಲ.

ಇನ್ನು ಆಟೋ ಗೇಮು. ಪಿಯುಸಿ ಓದುವ ನನ್ನ ಅಕ್ಕನ ಮಗ ಚಹಾದ ಗ್ಲಾಸಿಗೆ ಫೋನು ಒರಗಿಸಿ ಗೋಳಿಬಜೆ ತಿನ್ನುತ್ತಿದ್ದ. ಪರದೆಯಲ್ಲಿ ಕತ್ತಿ ಹಿಡಿದ ಒಬ್ಬಳು ಎದುರು ಬಂದವರನ್ನೆಲ್ಲ ಕಡಿಯುತ್ತಿದ್ದಾಳೆ.

‘ಎಂತ ಮಾಡ್ತಿದ್ದಿ?’

‘ಆಡ್ತಿದ್ದೇನೆ ಮಾವ.’

‘ಈಗ ಫೋನ್ ಆಫ್ ಆದರೆ?’

‘ಎಂತ ಇಲ್ಲ. ಮತ್ತೆ ಆನ್ ಮಾಡಿದರೆ ಅದು ಅಲ್ಲಿಂದಲೇ ಹೋಗ್ತದೆ.’

ಅವನ ಕೈ ಚಟ್ನಿಯಲ್ಲಿತ್ತು. 2002ರಲ್ಲಿಯೇ ಪ್ರೋಗ್ರೆಸ್ ಕ್ವೆಸ್ಟ್ ಅಂತ ಒಂದು ಬಂದಿತ್ತು. ಹೆಸರು ಕುಲ ಹಾಕಿ ಬಿಟ್ಟರೆ ಮುಂದೆ ಎಲ್ಲ ಅದೇ ಮಾಡಿಕೊಳ್ಳುತ್ತದೆ. ಆಗ ಅದನ್ನು ತಮಾಷೆಗೆಂದೇ ಮಾಡಿದ್ದು. ಇಪ್ಪತ್ತು ವರ್ಷದಲ್ಲಿ ಅದೇ ತಮಾಷೆ ವ್ಯಾಪಾರವಾಗಿದೆ.

ಆದರೆ ಆಟೋ ಇದ್ದ ಕೂಡಲೇ ಗೇಮ್ ಅಲ್ಲ ಎಂದು ಮಾತ್ರ ಹೇಳಬೇಡಿ. ಕಂಬಳದ ಕೆರೆಯಲ್ಲಿ ಕೋಣದ ಯಜಮಾನ ಓಡುವುದಿಲ್ಲ. ಅವರು ಬಿಳಿ ಮುಂಡಾಸು ಕಟ್ಟಿ ದಡದ ಮೇಲೆ ನಿಂತಿರುತ್ತಾರೆ. ಹಾಗಂತ ಅವರು ಲೆಕ್ಕಕ್ಕಿಲ್ಲವಾ? ಯಾವ ಕೋಣಕ್ಕೆ ಯಾವುದು ಜೋಡಿ, ಹುರುಳಿ ಎಷ್ಟು, ಯಾರಿಂದ ಓಡಿಸಬೇಕು, ಎಲ್ಲ ಅವರದ್ದು. ಗೆದ್ದಾಗ ಮೈಕಿನಲ್ಲಿ ಕರೆಯುವುದು ಅವರ ಮನೆಯ ಹೆಸರನ್ನು. 2019ರಿಂದ ಹಬ್ಬಿದ ಆಟೋ ಚೆಸ್ ಮಾದರಿಯ ಗೇಮುಗಳು ಹೀಗೆ. ಕಾಳಗ ತನ್ನಷ್ಟಕ್ಕೇ ನಡೆಯುತ್ತದೆ, ಆದರೆ ಯಾರನ್ನು ಕೊಂಡುಕೊಂಡಿರಿ, ಎಲ್ಲಿ ನಿಲ್ಲಿಸಿದಿರಿ ಎಂಬುದರಲ್ಲಿ ನೀವು ಸೋಲುತ್ತೀರಿ. ಕುಕೀ ಒತ್ತಿ ಒತ್ತಿ ಕೂಡಿಸುವ ಕುಕೀ ಕ್ಲಿಕ್ಕರ್‌ನಲ್ಲೂ ಮೊದಲಿಗೆ ಯಾವುದನ್ನು ಕೊಳ್ಳುವುದು ಎಂಬ ಆಯ್ಕೆ ನಿಮ್ಮದೇ. ಹಾಗಾಗಿ ಆಟೋ ಗುಂಡಿ ಇದೆಯಾ ಎಂದು ನೋಡಬೇಡಿ. ಅದನ್ನು ಒತ್ತುವ ಮೊದಲು ನೀವು ತಪ್ಪಬಹುದಾದ ಏನಾದರೂ ಉಳಿದಿದೆಯಾ ಎಂದು ನೋಡಿ.

ನನಗೆ ನಿಜಕ್ಕೂ ಬೇಸರ ತಂದದ್ದು ಬೇರೆ. ಇದೇ ಹುಡುಗ ಎಂಟನೇ ಕ್ಲಾಸಿನಲ್ಲಿದ್ದಾಗ, ನೂರು ಜನ ಇಳಿದು ಕೊನೆಗೆ ಒಬ್ಬ ಉಳಿಯುವ ಒಂದು ಹೆಸರಾಂತ ಶೂಟಿಂಗ್ ಗೇಮಿನಲ್ಲಿ ಮೊದಲ ಬಾರಿ ಗೆದ್ದ. ಮನೆಯಿಡೀ ಕುಣಿದ. ಮಾವ, ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಬೇಕು ಎಂದ. ಉಡುಪಿಗೆ ಕರಕೊಂಡು ಹೋಗಿ ಕೊಡಿಸಿದೆ, ಉದ್ದ ಗ್ಲಾಸಿನ ತಳದ ಜೆಲ್ಲಿ ಮುಗಿಯುವವರೆಗೂ ಅವನು ಕೊನೆಯ ಮೂರು ನಿಮಿಷವನ್ನು ವಿವರಿಸುತ್ತಲೇ ಇದ್ದ. ಕೆಲವು ತಿಂಗಳ ಮೇಲೆ ಶಾಲೆಯಲ್ಲಿ ಯಾರೋ ಹೇಳಿದರಂತೆ, ಹೊಸಬರ ಎದುರಿಗೆ ಬರುವವರಲ್ಲಿ ಹೆಚ್ಚಿನವರು ಮನುಷ್ಯರಲ್ಲ, ಕಂಪ್ಯೂಟರೇ ಆಡಿಸುವ ಬಾಟ್‌ಗಳು, ಬೇಗ ಬಿಟ್ಟು ಹೋಗದಿರಲಿ ಎಂದು ಹಾಗೆ ಇಡುವುದು. ಅವನು ಬಂದು ನನ್ನಲ್ಲಿ ಹೇಳಿದ್ದು ಒಂದೇ ಮಾತು: ‘ಮಾವ, ಅದು ಗೆದ್ದದ್ದಲ್ಲ.’

ನನಗೆ ಆ ಗದ್ದೆ ಹುಣಿ ನೆನಪಾಯಿತು. ನಾವೂ ‘ನೋ ಬಾಲ್’ ಕೂಗಿದವರೇ. ಆದರೆ ನಾವು ಆ ಐದು ವರ್ಷದವನ ಎದುರಿಗೇ ಕೂಗಿದೆವು. ಅವನಿಗೆ ಬೇಡ ಅನಿಸಿದ ದಿನ ‘ಔಟ್ ಮಾಡಿ’ ಎಂದು ಕೇಳಲಿಕ್ಕೆ ನಾವು ಅಲ್ಲಿದ್ದೆವು. ಈ ಹುಡುಗನಿಗೆ ಲೆಕ್ಕಕ್ಕಿಲ್ಲ ಎಂಬುದೇ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಕೇಳಲಿಕ್ಕೆ ಯಾರೂ ಇರಲಿಲ್ಲ. ಹೊಸಬನಿಗೆ ಬಾಟ್ ಇಡುವುದು ತಪ್ಪಲ್ಲ, ಚೆಸ್ ಕಲಿಯುವವರೂ ಕಂಪ್ಯೂಟರಿನ ಎದುರು ಆಡುತ್ತಾರೆ. ಹೇಳದೆ ಇಡುವುದು ತಪ್ಪು. ನಡೆಯುವ ಗೇಮಿಗಿಂತ, ಆಟೋ ಗೇಮಿಗಿಂತ, ಗೇಮ್ ಎಂಬುದರಿಂದ ಹೆಚ್ಚು ದೂರ ಹೋದದ್ದು ಇದೇ ಎಂದು ನಾನು ಹೇಳುತ್ತೇನೆ, ಅದರಲ್ಲಿ ಗೆಲುವು, ಸೋಲು, ಸ್ಕೋರು ಎಲ್ಲ ಇದ್ದರೂ.

ಗೆರೆಗೆ ಇನ್ನೊಂದು ತುದಿಯೂ ಇದೆ. ತುಳುವಿನ ಜನಪದ ಕಥನಗೀತೆಯಾದ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡುತ್ತ ಜಗಳಾಡಿ, ಒಬ್ಬಳು ಇನ್ನೊಬ್ಬಳಿಗೆ ಆ ಮಣೆಯಿಂದಲೇ ಹೊಡೆಯುತ್ತಾಳೆ. ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದುದು ಅದಕ್ಕೇ. ಲೆಕ್ಕ ಬೇಕು, ಆದರೆ ಅದು ಮಣೆಯ ಮೇಲೇ ಇರಬೇಕು. ಮಣೆಯಿಂದ ಕೆಳಗಿಳಿದು ಮನೆಗೆ ನುಗ್ಗಿದರೆ ಅದು ಆಟವಾಗಿ ಉಳಿಯುವುದಿಲ್ಲ. ದುಡ್ಡು ಕಟ್ಟಿ ಆಡುವ ಆ್ಯಪ್‌ಗಳಲ್ಲಿ ಆಗುವುದು ಇದೇ. ರಮ್ಮಿಯಲ್ಲಿ ಕೌಶಲವೇ ಮುಖ್ಯ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತ್ತು, ಬಹಳ ವರ್ಷ ಈ ಆ್ಯಪ್‌ಗಳು ಅದನ್ನೇ ಹಿಡಿದುಕೊಂಡಿದ್ದವು. 2025ರ ಆಗಸ್ಟಿನಲ್ಲಿ ಆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟಿ ಹಣ ಗೆಲ್ಲುವುದನ್ನೆಲ್ಲ ಒಂದೇ ಕಡೆ ಸೇರಿಸಿ ನಿಷೇಧಿಸಿತು, ಇ-ಸ್ಪೋರ್ಟ್ಸನ್ನು, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮುಗಳನ್ನು, ಬೇರೆ ಇಟ್ಟಿತ್ತು. ಆ ವಿಂಗಡಣೆ ನನಗೆ ಸರಿ ಕಾಣುತ್ತದೆ. ಸೋತ ಕೂಡಲೇ ‘ಇಷ್ಟು ರೂಪಾಯಿ ಕೊಟ್ಟರೆ ಇಲ್ಲಿಂದಲೇ ಮುಂದೆ ಹೋಗಬಹುದು’ ಎನ್ನುವ ಗೇಮುಗಳು ಕಾನೂನಿನ ಬಲೆಗೆ ಬೀಳುವುದಿಲ್ಲ, ಆದರೆ ಅವು ನಮ್ಮ ಕೈಯಿಂದ ಆ ಸೋಲನ್ನೇ ಕಿತ್ತುಕೊಳ್ಳುತ್ತವೆ.

ನೀವು ಆಡುತ್ತಿರುವ ಆಟೋ ಗೇಮ್ ಯಾವುದು ಅಂತ ಬರೆದಿಲ್ಲ. ತಂಡ ಕಟ್ಟುವುದು ನಿಮ್ಮ ಕೈಯಲ್ಲಿದ್ದು, ಕೆಟ್ಟದಾಗಿ ಕಟ್ಟಿದರೆ ಸೋಲುತ್ತೀರಿ ಎಂದಾದರೆ ಧೈರ್ಯವಾಗಿ ಗೇಮ್ ಅನ್ನಿ. ಹಾಗಿಲ್ಲದಿದ್ದರೆ ಒಂದು ದಿನ ಆ ಗುಂಡಿ ತೆಗೆದು ಕೈಯಲ್ಲೇ ಆಡಿ ನೋಡಿ.

ಅಕ್ಕನ ಮಗ ಹೋದ ಭಾನುವಾರ ಹಾಗೆ ಮಾಡಿದ. ಅದೇ ಕತ್ತಿಯವಳು, ಅದೇ ಹಂತ. ಆರು ಸಲ ಸತ್ತ. ಏಳನೇ ಸಲ ಅರ್ಧಕ್ಕೆ ಬಂದಿದ್ದಾಗ ಅಕ್ಕ ಒಳಗಿಂದ ಊಟಕ್ಕೆ ಕರೆದಳು. ಆಟೋ ಇದ್ದಾಗ ಅವನು ಕರೆದ ಕೂಡಲೇ ಎದ್ದು ಹೋಗುತ್ತಿದ್ದ. ಅವತ್ತು ಪರದೆಯಿಂದ ಕಣ್ಣು ತೆಗೆಯದೆ ‘ಅಮ್ಮಾ, ಒಂದು ನಿಮಿಷ’ ಎಂದ.